ಗಟ್ಟಿಯಾದ ಮಾತ್ರಕ್ಕೆ ವಿಷ ಅಡಗುವುದಿಲ್ಲ: ಕಾರ್ಖಾನೆಯ ಕೆಸರಿಗೆ ಸಿಮೆಂಟೋ, ಬೇರೆಯದೋ?

ಕಾರ್ಖಾನೆಯ ತ್ಯಾಜ್ಯನೀರಿನ ಕೆಸರನ್ನು ಹಿಂಡುವ ಫಿಲ್ಟರ್ ಪ್ರೆಸ್ ಬಿಚ್ಚಿದಾಗ ಹಿಂಡಿದ ಕೆಸರು, ಅಂದರೆ ಕೇಕ್, ದಪ್ಪದಪ್ಪ ಹಲಗೆಗಳಾಗಿ ಕೆಳಗೆ ಬೀಳುತ್ತದೆ. ನೋಡಲು ಒದ್ದೆ ಜೇಡಿಮಣ್ಣು. ಒಳಗೆ ನಿಕಲ್, ಕ್ರೋಮಿಯಂ, ಸತು, ಸೀಸ, ಕ್ಯಾಡ್ಮಿಯಂ ಯಾವುದು ಬೇಕಾದರೂ ಇರಬಹುದು. ತ್ಯಾಜ್ಯನೀರು ತಿಳಿಯಾಯಿತೆಂಬ ಸಮಾಧಾನ ಅಲ್ಲಿಗೆ ಮುಗಿಯುತ್ತದೆ. ನೀರಿನಿಂದ ತೆಗೆದ ಲೋಹ ಎಲ್ಲಿಯೂ ಹೋಗಿಲ್ಲ, ಈ ಕೇಕ್‌ನಲ್ಲಿ ಕೂತಿದೆ. ಹಾಗೇ ಹೂತರೆ ಮಳೆನೀರು ಮತ್ತೆ ಅದನ್ನು ಕರಗಿಸಿ ಅಂತರ್ಜಲಕ್ಕೆ ಒಯ್ಯುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಬರುವ ಮಾತು "ಸಿಮೆಂಟ್ ಹಾಕಿ ಗಟ್ಟಿ ಮಾಡಿಬಿಡಿ." ಅದರ ಹಿಂದೆಯೇ ಬರುವ ಪ್ರಶ್ನೆ "ಎಷ್ಟು ಹಾಕಬೇಕು?" ನನ್ನ ಪ್ರಕಾರ ಆ ಪ್ರಶ್ನೆ ಕೇಳುವ ಕಾಲ ಇನ್ನೂ ಬಂದಿಲ್ಲ. ಒಳಗಿರುವುದು ಯಾವ ಲೋಹ, ಯಾವ ರೂಪದಲ್ಲಿದೆ, ಅದರ ಜೊತೆಗೆ ಇನ್ನೇನಿದೆ ಎಂಬುದು ಗೊತ್ತಾದ ಮೇಲೆ ಸಿಮೆಂಟೇ ಸರಿಯೋ ಅಲ್ಲವೋ ಎಂಬುದು ತೀರ್ಮಾನವಾಗಬೇಕು. ಕೆಲವು ಕೆಸರಿಗೆ ಸಿಮೆಂಟ್ ಬಹಳ ಒಳ್ಳೆಯ ಔಷಧ. ಕೆಲವಕ್ಕೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಎರಡು ಕೆಲಸ, ಒಂದೇ ಹೆಸರು

ಗಟ್ಟಿಗೊಳಿಸುವುದು ಬೇರೆ, ಸ್ಥಿರಗೊಳಿಸುವುದು ಬೇರೆ. ಮೊದಲನೆಯದು ಭೌತಿಕ ಕೆಲಸ: ಜಾರುವ ಕೆಸರನ್ನು ಕಲ್ಲಿನಂಥ ಗಡ್ಡೆ ಮಾಡುವುದು, ನೀರು ಒಳಹೊಕ್ಕುವ ದಾರಿ ಮುಚ್ಚುವುದು, ಹೊರಮೈಯ ವಿಸ್ತೀರ್ಣ ಕಡಿಮೆ ಮಾಡುವುದು. ಎರಡನೆಯದು ರಾಸಾಯನಿಕ ಕೆಲಸ: ಕರಗುವ ಲೋಹವನ್ನು ಕರಗದ ರೂಪಕ್ಕೆ ತಿರುಗಿಸುವುದು. ಸಿಮೆಂಟ್ ಎರಡನ್ನೂ ಒಟ್ಟಿಗೆ ಮಾಡುವುದರಿಂದ ನಾವು ಎರಡನ್ನೂ ಒಂದೇ ಎಂದುಕೊಂಡಿದ್ದೇವೆ. ಆದರೆ ಸುತ್ತಿಗೆಯಲ್ಲಿ ಹೊಡೆದರೂ ಒಡೆಯದ ಗಡ್ಡೆಯಿಂದ ಹೆಕ್ಸಾವೇಲೆಂಟ್ (ಆರರ ಸ್ಥಿತಿಯ) ಕ್ರೋಮಿಯಂ ಹಳದಿ ನೀರಾಗಿ ಬಸಿಯಬಹುದು. ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಫಾಸ್ಫೇಟ್ ಬೆರೆಸಿದ ಮಣ್ಣು ಸೀಸವನ್ನು ಬಿಗಿಯಾಗಿ ಹಿಡಿದಿರಬಹುದು. ಎಷ್ಟು ಗಟ್ಟಿಯಿದೆ ಎಂದು ನೋಡಿ ಬಂಧಕವನ್ನು (ಕೆಸರನ್ನು ಕಟ್ಟಿಹಿಡಿಯುವ ಸಿಮೆಂಟಿನಂಥ ವಸ್ತುವನ್ನು) ಆರಿಸುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು.

ಲ್ಯಾಬಿಗೆ ಕಳಿಸುವಾಗ ಏನು ಕೇಳಬೇಕು

ಬರೀ "ಲೋಹಗಳ ಪರೀಕ್ಷೆ" ಎಂದು ಬರೆದು ಕಳಿಸಿದರೆ ಒಟ್ಟು ಪ್ರಮಾಣವಷ್ಟೇ ವರದಿಯಲ್ಲಿ ಬರುತ್ತದೆ. ಬಂಧಕವನ್ನು ಆರಿಸಲು ಅದು ಸಾಲದು. ಕ್ರೋಮಿಯಂ ಇದ್ದರೆ ಅದರಲ್ಲಿ ಹೆಕ್ಸಾವೇಲೆಂಟ್ ಎಷ್ಟು, ಆರ್ಸೆನಿಕ್ ಇದ್ದರೆ ಅದು ಮೂರರ ಸ್ಥಿತಿಯಲ್ಲಿದೆಯೋ ಐದರ ಸ್ಥಿತಿಯಲ್ಲಿದೆಯೋ, ತೇವಾಂಶ ಎಷ್ಟು, ಎಣ್ಣೆ-ಗ್ರೀಸ್ ಎಷ್ಟು, ಸಲ್ಫೇಟ್, ಅಮೋನಿಯಂ, ಸಯನೈಡ್ ಇವೆಯೇ, ಪ್ಲೇಟಿಂಗ್ (ಲೋಹದ ಲೇಪ ಕೊಡುವ) ಘಟಕದಿಂದ ಬಂದಿದ್ದರೆ ಇಡಿಟಿಎ ಮಾದರಿಯ ಲೋಹ ಹಿಡಿಯುವ ರಾಸಾಯನಿಕ ಬಳಸಿದ್ದಾರೆಯೇ, ಇಷ್ಟೂ ಬೇಕು. ಕೊನೆಯದನ್ನು ಲ್ಯಾಬಿಗಿಂತ ಪ್ಲೇಟಿಂಗ್ ಅಂಗಳದ ಸೂಪರ್‌ವೈಸರ್ ಚೆನ್ನಾಗಿ ಹೇಳುತ್ತಾರೆ.

ಅಮೋನಿಯಂ ವಿಷಯ ಸಣ್ಣದೆಂದು ಬಿಡಬೇಡಿ. ಪಿಎಚ್ (ಆಮ್ಲ-ಕ್ಷಾರದ ಅಳತೆ, 7ರ ಮೇಲೆ ಕ್ಷಾರ) ಸುಮಾರು 9.25 ದಾಟಿತೆಂದರೆ ಅಮೋನಿಯಂನ ಹೆಚ್ಚಿನ ಪಾಲು ಅಮೋನಿಯಾ ಅನಿಲವಾಗುತ್ತದೆ. ಸಿಮೆಂಟ್ ಸುರಿದ ಕ್ಷಣದಲ್ಲೇ ಪಿಎಚ್ 12ಕ್ಕೆ ನೆಗೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಮಿಕ್ಸರ್ ಬಳಿ ನಿಂತವರಿಗೆ ಕಣ್ಣು ಬಿಡಲಾಗದ ಸ್ಥಿತಿ ಬರುತ್ತದೆ. ಅಲ್ಯುಮಿನಿಯಂ ಪುಡಿ ಇರುವ ಕೆಸರು ಅದೇ ಕ್ಷಾರದಲ್ಲಿ ಹೈಡ್ರೋಜನ್ ಬಿಡುತ್ತದೆ. ಅದು ಗಡ್ಡೆಯನ್ನು ಉಬ್ಬಿಸುವುದಷ್ಟೇ ಅಲ್ಲ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಇನ್ನು ಸಯನೈಡ್ ಇದ್ದರೆ ಅದನ್ನು ಕ್ಷಾರದಲ್ಲಿ ಕ್ಲೋರಿನ್ ಕೊಟ್ಟು ಮೊದಲು ನಾಶಮಾಡಲೇಬೇಕು. ಸಿಮೆಂಟ್ ಅದನ್ನು ಹಿಡಿದಿಡುವುದಿಲ್ಲ.

ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್: ಯಾವಾಗ ಗೆಲ್ಲುತ್ತದೆ

ಸಿಮೆಂಟ್ ನೀರಿನೊಡನೆ ಸೇರಿದಾಗ ಮುಖ್ಯವಾಗಿ ಎರಡು ವಸ್ತು ಹುಟ್ಟುತ್ತವೆ. ಒಂದು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್, ಗಡ್ಡೆಗೆ ಬಲ ಕೊಡುವ ಅಂಟು ಇದೇ. ಇನ್ನೊಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಸುಣ್ಣ. ರಂಧ್ರಗಳಲ್ಲಿರುವ ನೀರಿನ ಪಿಎಚ್ ಅನ್ನು 12.5ರ ಆಸುಪಾಸಿನಲ್ಲಿ, ಕೆಲವೊಮ್ಮೆ 13ರ ಮೇಲೆ, ನಿಲ್ಲಿಸುವುದು ಈ ಸುಣ್ಣ ಮತ್ತು ಸಿಮೆಂಟಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಕ್ಷಾರಗಳು. ಲೋಹಗಳು ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುತ್ತವೆ, ಕೆಲವು ಆ ಅಂಟಿನ ಮೈಗೆ ಹತ್ತಿಕೊಳ್ಳುತ್ತವೆ, ಕೆಲವು ಅದರ ರಚನೆಯೊಳಕ್ಕೇ ಸೇರುತ್ತವೆ.

ಇಲ್ಲಿಯವರೆಗೆ ಎಲ್ಲ ಚೆನ್ನ. ಆದರೆ ಲೋಹದ ಹೈಡ್ರಾಕ್ಸೈಡ್ ಎಷ್ಟು ಕರಗುತ್ತದೆ ಎಂಬುದನ್ನು ಪಿಎಚ್‌ಗೆ ಎದುರಾಗಿ ಗೆರೆ ಎಳೆದರೆ ಕಣಿವೆಯ ಆಕಾರ ಬರುತ್ತದೆ. ಆಮ್ಲದ ಕಡೆಗೆ ಹೋದರೆ ಲೋಹ ಕರಗುತ್ತದೆ, ಕ್ಷಾರದ ಕಡೆಗೆ ತೀರಾ ಹೋದರೂ ಕರಗುತ್ತದೆ. ಕಣಿವೆಯ ತಳ ಲೋಹಕ್ಕೊಂದು ಕಡೆ: ಸತು ಮತ್ತು ಸೀಸಕ್ಕೆ 9ರಿಂದ 10ರ ನಡುವೆ, ನಿಕಲ್‌ಗೆ 10ರ ಮೇಲೆ, ಕ್ಯಾಡ್ಮಿಯಂಗೆ 11ರ ಹತ್ತಿರ. ಆದ್ದರಿಂದ ನಿಕಲ್, ಕ್ಯಾಡ್ಮಿಯಂ ಕೆಸರಿಗೆ ಸಿಮೆಂಟಿನ ಕ್ಷಾರ ಒಗ್ಗುತ್ತದೆ. ಸೀಸ, ಸತುವಿಗೆ 12.5 ಎಂದರೆ ಕಣಿವೆಯ ಆಚೆಯ ದಡ ಹತ್ತಿದಂತೆ. ಸೀಸದ ಕೆಸರಿನಲ್ಲಿ ಸಿಮೆಂಟ್ ಹೆಚ್ಚಿಸಿದಷ್ಟೂ ಬಸಿನೀರಿನಲ್ಲಿ ಸೀಸ ಏರುವುದನ್ನು ಕಂಡು ಗಾಬರಿಯಾಗಿ ಇನ್ನೂ ಸಿಮೆಂಟ್ ಸುರಿಯುವವರಿದ್ದಾರೆ. ಅಲ್ಲಿ ಬೇಕಿದ್ದದ್ದು ಕಡಿಮೆ ಸಿಮೆಂಟ್, ಇಲ್ಲವೇ ಸ್ವಲ್ಪ ಫಾಸ್ಫೇಟ್.

ತ್ರಿವೇಲೆಂಟ್, ಅಂದರೆ ಮೂರರ ಸ್ಥಿತಿಯ, ಕ್ರೋಮಿಯಂನ ಕಣಿವೆಯ ತಳ ಇನ್ನೂ ಕೆಳಗೆ, 8ರ ಸುತ್ತ. ಆದರೂ ಅದು ಗಟ್ಟಿಯಾದ ಸಿಮೆಂಟಿನ ರಚನೆಯೊಳಗೆ ಚೆನ್ನಾಗಿ ಸೇರಿಕೊಳ್ಳುವುದರಿಂದ ಅಷ್ಟು ತೊಂದರೆ ಕೊಡುವುದಿಲ್ಲ. ಹೆಕ್ಸಾವೇಲೆಂಟ್ ಕ್ರೋಮಿಯಂ ಕಥೆಯೇ ಬೇರೆ. ಅದು ಕ್ರೋಮೇಟ್ ಆಗಿ, ಋಣ ಆವೇಶದ ಅಯಾನಾಗಿ ಓಡಾಡುತ್ತದೆ, ಹೈಡ್ರಾಕ್ಸೈಡ್ ಆಗಿ ಕೂರುವುದೇ ಇಲ್ಲ. ಅದನ್ನು ಮೊದಲು ತ್ರಿವೇಲೆಂಟ್‌ಗೆ ಇಳಿಸಬೇಕು. ಸೋಡಿಯಂ ಮೆಟಾಬೈಸಲ್ಫೈಟ್ ಬಳಸುವುದಾದರೆ ಪಿಎಚ್ 2ರಿಂದ 3ಕ್ಕೆ ತರಬೇಕು. ಫೆರಸ್ ಸಲ್ಫೇಟ್ ಆದರೆ ತಟಸ್ಥ ನೀರಿನಲ್ಲೂ ಕೆಲಸ ಮಾಡುತ್ತದೆ. ಲೆಕ್ಕ ಹೀಗಿದೆ: ಒಂದು ಕ್ರೋಮಿಯಂ ಪರಮಾಣುವಿಗೆ ಮೂರು ಫೆರಸ್ ಬೇಕು, ಅಂದರೆ 1 ಕಿಲೋ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಅಂಗಡಿಯಲ್ಲಿ ಸಿಗುವ ಹರಳಿನ ರೂಪದ ಫೆರಸ್ ಸಲ್ಫೇಟ್ ಸುಮಾರು 16 ಕಿಲೋ. ಅದು ಕಾಗದದ ಮೇಲಿನ ಕನಿಷ್ಠ, ಕೆಲಸದಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಆ 16 ಕಿಲೋದ ಜೊತೆ 5.5 ಕಿಲೋ ಸಲ್ಫೇಟ್ ಕೂಡ ಕೆಸರಿಗೆ ಸೇರುತ್ತದೆ. ಇದನ್ನು ನೆನಪಿಡಿ, ಸ್ವಲ್ಪ ಕೆಳಗೆ ಮತ್ತೆ ಬೇಕಾಗುತ್ತದೆ.

ಒಂದು ಉಪಕಥೆ. ಸಿಮೆಂಟಿನಲ್ಲೇ ಅಲ್ಪ ಪ್ರಮಾಣದ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಗಾರೆ ಕೆಲಸದವರ ಕೈಗೆ ಬರುವ ಚರ್ಮರೋಗಕ್ಕೆ ಅದೂ ಒಂದು ಕಾರಣ. ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ಅದಕ್ಕೆ ಒಂದು ಕಿಲೋ ಸಿಮೆಂಟಿಗೆ 2 ಮಿಲಿಗ್ರಾಂ ಎಂಬ ಮಿತಿಯಿದೆ. ಅಲ್ಲಿನ ಕಂಪನಿಗಳು ಅದನ್ನು ಇಳಿಸಲು ಬೆರೆಸುವ ವಸ್ತುಗಳಲ್ಲಿ ಇದೇ ಫೆರಸ್ ಸಲ್ಫೇಟ್ ಒಂದು. ಕ್ರೋಮಿಯಂ ಮಿತಿಯ ಅಂಚಿನಲ್ಲಿರುವ ಕೆಸರಿಗೆ ಪ್ರಯೋಗ ಮಾಡುವಾಗ ಬರಿಯ ಸಿಮೆಂಟ್ ಗಡ್ಡೆಯೊಂದನ್ನೂ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಸಿಮೆಂಟ್ ಸೆಟ್ ಆಗದಿದ್ದರೆ

ಹದಿನೈದು ದಿನ ಕಳೆದರೂ ಅಚ್ಚಿನೊಳಗೆ ಬೆರಳು ಊರಿದರೆ ಇಳಿಯುತ್ತದೆ. ಪ್ಲೇಟಿಂಗ್ ಕೆಸರಿನ ಪ್ರಯೋಗ ಮಾಡಿದವರಿಗೆ ಈ ಅನುಭವ ಹೊಸದಲ್ಲ. ಸಿಮೆಂಟ್ ಹಳೆಯದಿರಬೇಕು ಎಂದು ಮೊದಲು ಅನುಮಾನ ಬರುತ್ತದೆ. ಸಾಮಾನ್ಯವಾಗಿ ತಪ್ಪಿತಸ್ಥ ಸತು. ಅದು ಸಿಮೆಂಟ್ ಕಣದ ಮೇಲೆ ತೆಳುವಾದ ಪದರ ಕಟ್ಟಿ ನೀರು ಒಳಹೋಗದಂತೆ ತಡೆಯುತ್ತದೆ. ಸೀಸ, ತಾಮ್ರ, ಬೋರೇಟ್, ಫಾಸ್ಫೇಟ್, ಸಕ್ಕರೆಯಂಥ ಸಾವಯವ ವಸ್ತುಗಳೂ ಸೆಟ್ ಆಗುವುದನ್ನು ತಡಮಾಡುತ್ತವೆ. ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಸೋಡಿಯಂ ಸಿಲಿಕೇಟ್ ಬೆರೆಸಿದರೆ ಅನೇಕ ಸಲ ದಾರಿಗೆ ಬರುತ್ತದೆ. ಕೆಸರಿಗೆ ಮೊದಲು ಸುಣ್ಣ ಹಾಕಿ ಒಂದು ದಿನ ಬಿಟ್ಟು ಆಮೇಲೆ ಸಿಮೆಂಟ್ ಹಾಕುವುದೂ ಒಂದು ಉಪಾಯ.

ಎಣ್ಣೆ ಇದ್ದರೆ ಇನ್ನೊಂದು ತೊಡಕು. ಅದು ಕಣಗಳ ಮೈ ಸವರಿ ನೀರನ್ನು ದೂರವಿಡುತ್ತದೆ, ಬಲ ಬರುವುದಿಲ್ಲ. ಬೆಂಜೀನ್‌ನಂಥ ಆವಿಯಾಗುವ ದ್ರಾವಕಗಳಿದ್ದರೆ ಸಿಮೆಂಟ್ ಬೆರೆಯುವಾಗ ಹುಟ್ಟುವ ಬಿಸಿ ಮತ್ತು ಕಲಕಾಟಕ್ಕೆ ಅವು ಗಾಳಿಗೆ ಹೋಗುತ್ತವೆ. ಆಮೇಲೆ ಗಡ್ಡೆಯನ್ನು ಪರೀಕ್ಷಿಸಿ "ಬೆಂಜೀನ್ ಇಲ್ಲ" ಎಂದು ವರದಿ ಬರೆಯುವುದು ಸುಲಭ. ಅದು ಹೋದದ್ದು ಕೆಲಸಗಾರರ ಶ್ವಾಸಕೋಶಕ್ಕೆ. ಎಣ್ಣೆ ಮತ್ತು ದ್ರಾವಕದ ಕೆಸರಿಗೆ ಸಿಮೆಂಟ್ ಮೊದಲ ಆಯ್ಕೆ ಆಗಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಾವಯವ ಭಾಗವನ್ನು ಮೊದಲು ಬೇರ್ಪಡಿಸಿ ಅಥವಾ ಸುಟ್ಟು, ಉಳಿದ ಬೂದಿಯನ್ನು ಬೇಕಾದರೆ ಕಟ್ಟಿ.

ಸಲ್ಫೇಟ್ ತೊಂದರೆ ಕೊಡುವುದು ತಡವಾಗಿ. ಗಡ್ಡೆ 28 ದಿನಕ್ಕೆ ಗಟ್ಟಿಯಾಗಿ, ಪರೀಕ್ಷೆಯೆಲ್ಲ ಮುಗಿದು, ಹೂತ ಮೇಲೆ ಬಿರುಕು ಬಿಡುತ್ತದೆ. ಸಲ್ಫೇಟ್ ಸಿಮೆಂಟಿನ ಅಲ್ಯುಮಿನೇಟ್ ಜೊತೆ ಸೇರಿ ಎಟ್ರಿಂಗೈಟ್ ಎಂಬ ಸೂಜಿಹರಳಾಗುತ್ತದೆ. ಒಂದೊಂದು ಘಟಕವೂ ನೀರಿನ 32 ಅಣುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದಕ್ಕೆ ಜಾಗ ಬಹಳ ಬೇಕು. ಮಿಶ್ರಣ ಮೆತ್ತಗಿರುವಾಗಲೇ ಹುಟ್ಟಿದರೆ ಪರವಾಗಿಲ್ಲ, ಗಟ್ಟಿಯಾದ ಮೇಲೆ ಹುಟ್ಟಿದರೆ ಒಡೆಯುತ್ತದೆ. ಮೇಲೆ ಹೇಳಿದ ಫೆರಸ್ ಸಲ್ಫೇಟ್ ಇಲ್ಲಿ ಬಂದು ಕಾಟ ಕೊಡುತ್ತದೆ. ಇಂಥಲ್ಲಿ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ಶೇಕಡಾ 5 ಮೀರದ, ಸಲ್ಫೇಟ್ ತಡೆಯುವ ಸಿಮೆಂಟನ್ನು ಬಳಸಬೇಕು, ಅಥವಾ ಸ್ಲ್ಯಾಗ್ ಕಡೆಗೆ ಹೊರಳಬೇಕು.

ಸ್ಲ್ಯಾಗ್ ಬೆರೆಸಿದ ಸಿಮೆಂಟ್

ಕಬ್ಬಿಣದ ಊದುಕುಲುಮೆಯಿಂದ ಬರುವ ಸ್ಲ್ಯಾಗ್ ಅನ್ನು ನೀರಿನಲ್ಲಿ ತಟ್ಟನೆ ತಣಿಸಿ ನುಣ್ಣಗೆ ಪುಡಿಮಾಡಿದರೆ ಅದೂ ಬಂಧಕವಾಗುತ್ತದೆ. ಸಿಮೆಂಟಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಇದರಿಂದ ತುಂಬಬಹುದು. ಗಟ್ಟಿಯಾಗುವುದು ನಿಧಾನ, ಆದರೆ ಮೂರು ಲಾಭಗಳಿವೆ. ರಂಧ್ರಗಳು ಸಣ್ಣವಾಗುತ್ತವೆ. ಸುಣ್ಣ ಕಡಿಮೆ ಉಳಿಯುವುದರಿಂದ ಪಿಎಚ್ ಸ್ವಲ್ಪ ಇಳಿಯುತ್ತದೆ, ಸೀಸ ಮತ್ತು ಸತುವಿಗೆ ಅದು ಹಿತ. ಎಲ್ಲಕ್ಕಿಂತ ಮುಖ್ಯವಾಗಿ ಸ್ಲ್ಯಾಗ್‌ನಲ್ಲಿ ಶೇಕಡಾ 1ರ ಆಸುಪಾಸು ಗಂಧಕ ಸಲ್ಫೈಡ್ ರೂಪದಲ್ಲಿದೆ. ಅದು ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ತಾನೇ ಇಳಿಸುತ್ತದೆ.

ಅಮೆರಿಕದ ಸವಾನಾ ರಿವರ್ ಪರಮಾಣು ನೆಲೆಯಲ್ಲಿ ಉಪ್ಪುನೀರಿನ ವಿಕಿರಣ ತ್ಯಾಜ್ಯವನ್ನು ಕಟ್ಟುವ ಸಾಲ್ಟ್‌ಸ್ಟೋನ್ ಮಿಶ್ರಣವನ್ನು ನೋಡಿ: ಒಣಪುಡಿಯಲ್ಲಿ ಸ್ಲ್ಯಾಗ್ ಶೇಕಡಾ 45, ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಹೊಗೆಯಲ್ಲಿ ಬರುವ ಬೂದಿ) 45, ಸಿಮೆಂಟ್ ಬರೀ 10. ಅಲ್ಲಿ ಸ್ಲ್ಯಾಗ್ ಬೇಕಾದದ್ದು ಟೆಕ್ನೀಶಿಯಂ ಎಂಬ ವಿಕಿರಣಶೀಲ ಲೋಹ ಮತ್ತು ಕ್ರೋಮಿಯಂ ಅನ್ನು ಕರಗದ ಸ್ಥಿತಿಗೆ ಇಳಿಸುವುದಕ್ಕೆ. "ಸಿಮೆಂಟ್ ಗಡ್ಡೆ" ಎಂದು ಕರೆಸಿಕೊಳ್ಳುವ ಎಷ್ಟೋ ವಸ್ತುಗಳಲ್ಲಿ ಸಿಮೆಂಟ್ ಜೊತೆಗಾರ ಮಾತ್ರ. ಮಿಶ್ರ ಲೋಹದ ಕೆಸರಿಗೆ, ಮುಖ್ಯವಾಗಿ ಕ್ರೋಮಿಯಂ ಇರುವುದಕ್ಕೆ, ಸಾದಾ ಸಿಮೆಂಟ್ ಮತ್ತು ಸ್ಲ್ಯಾಗ್ ಎರಡೂ ಸಿಗುವಂತಿದ್ದರೆ ನಾನು ಸ್ಲ್ಯಾಗ್ ಮಿಶ್ರಣದಿಂದಲೇ ಪ್ರಯೋಗ ಶುರುಮಾಡುತ್ತೇನೆ. ಅವಸರವಿದ್ದರೆ, ಚಳಿ ಹೆಚ್ಚಿದ್ದರೆ, ಅಚ್ಚು ಬೇಗ ಖಾಲಿಯಾಗಬೇಕಿದ್ದರೆ ಮಾತ್ರ ಸಾದಾ ಸಿಮೆಂಟ್.

ಸುಣ್ಣ ಮತ್ತು ಹಾರುಬೂದಿ

ಅಗ್ಗ, ಎರಡೂ ಸುಲಭವಾಗಿ ಸಿಗುತ್ತವೆ, ಆಮ್ಲದ ಕೆಸರನ್ನು ತಟಸ್ಥಗೊಳಿಸುವ ಕೆಲಸವೂ ಜೊತೆಗೇ ಆಗುತ್ತದೆ. ತೊಂದರೆ ಎಂದರೆ ಗಟ್ಟಿಯಾಗಲು ವಾರಗಳೇ ಬೇಕು ಮತ್ತು ಪುಡಿ ಬಹಳ ಹಿಡಿಯುವುದರಿಂದ ಗಾತ್ರ ವಿಪರೀತ ಹೆಚ್ಚುತ್ತದೆ. ಹೂಳುವ ಜಾಗಕ್ಕೆ ಟನ್ ಲೆಕ್ಕದಲ್ಲಿ ದುಡ್ಡು ಕೊಡುವವರಿಗೆ ಈ ಅಗ್ಗ ಕೊನೆಗೆ ದುಬಾರಿಯಾಗಬಹುದು. ಹಾರುಬೂದಿಯಲ್ಲೇ ಆರ್ಸೆನಿಕ್, ಸೆಲೆನಿಯಂ ಇರುವ ಸಾಧ್ಯತೆಯೂ ಇದೆ, ಬೂದಿಯನ್ನು ಮೊದಲು ಪರೀಕ್ಷಿಸದೆ ಬಳಸಬಾರದು.

ಉಳಿದ ಬಂಧಕಗಳು

ಮೆಗ್ನೀಸಿಯಂ ಫಾಸ್ಫೇಟ್ ಸಿಮೆಂಟ್ ನಿಮಿಷಗಳಲ್ಲಿ ಸೆಟ್ ಆಗುತ್ತದೆ, ಕ್ಷಾರ ಕಡಿಮೆ, ಸೀಸವನ್ನು ಪೈರೊಮಾರ್ಫೈಟ್ ಎಂಬ ತೀರಾ ಕರಗದ ಖನಿಜವಾಗಿಸುತ್ತದೆ. ಬೆಲೆಯಿಂದಾಗಿ ಸಾಮಾನ್ಯ ಕೆಸರಿಗೆ ಬಳಸುವುದು ಕಷ್ಟ. ಜಿಯೋಪಾಲಿಮರ್ ಬಗ್ಗೆ ಸಂಶೋಧನೆ ಬಹಳ ನಡೆದಿದೆ, ಹಾರುಬೂದಿಯನ್ನು ಬಲವಾದ ಕ್ಷಾರದಲ್ಲಿ ಎಬ್ಬಿಸಿ ಮಾಡುವ ಬಂಧಕ ಅದು. ಆಮ್ಲಕ್ಕೆ ಸಿಮೆಂಟಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಬೂದಿಯ ಗುಣ ಬದಲಾದಂತೆಲ್ಲ ಪಾಕವೂ ಬದಲಾಗಬೇಕು.

ಕಾಯಿಸಿದ ಬಿಟುಮೆನ್‌ನಲ್ಲಿ ಕೆಸರನ್ನು ಬೆರೆಸುವ ಪದ್ಧತಿ ಪರಮಾಣು ತ್ಯಾಜ್ಯದಲ್ಲಿ ಬಳಕೆಯಲ್ಲಿತ್ತು. ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ನೈಟ್ರೇಟ್ ಇರುವ ಕೆಸರಿಗೆ ಅದು ಬೆಂಕಿಯ ಜೊತೆ ಆಟ. ಜಪಾನಿನ ತೊಕಾಯ್‌ನಲ್ಲಿ 1997ರ ಮಾರ್ಚ್ 11ರಂದು ಬಿಟುಮೆನ್ ಬೆರೆಸುವ ಘಟಕದಲ್ಲಿ ಬೆಳಿಗ್ಗೆ ಬೆಂಕಿ ಹೊತ್ತಿ, ಅದೇ ದಿನ ರಾತ್ರಿ ಸ್ಫೋಟವೂ ಆಯಿತು. ಪಾದರಸಕ್ಕೆ ಗಂಧಕ ಆಧಾರಿತ ಬಂಧಕ ಒಳ್ಳೆಯದು, ಪಾದರಸ ಸಲ್ಫೈಡ್ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಗೆಂದು ಸಿಮೆಂಟಿನ ಕ್ಷಾರದಲ್ಲಿ ಸಲ್ಫೈಡ್ ಅತಿಯಾಗಿ ಸುರಿದರೆ ಪಾದರಸ ಮತ್ತೆ ಕರಗುವ ರೂಪಕ್ಕೆ ಹೋಗುತ್ತದೆ. ಗಾಜಾಗಿ ಕರಗಿಸುವುದು ಎಲ್ಲಕ್ಕಿಂತ ಭದ್ರ, 1100 ಡಿಗ್ರಿ ಮತ್ತು ಮೇಲಿನ ಬಿಸಿ ಬೇಕು. ಅಷ್ಟು ವಿದ್ಯುತ್ತಿನ ಖರ್ಚು ಭರಿಸಬಲ್ಲ ತ್ಯಾಜ್ಯಗಳು ಕೆಲವೇ. ಪಾದರಸ, ಕ್ಯಾಡ್ಮಿಯಂ ಇದ್ದರೆ ಗಾಜಾಗುವ ಮೊದಲೇ ಹೊಗೆಯಾಗಿ ಹೋಗುವುದನ್ನೂ ಹಿಡಿಯಬೇಕು.

ಕಟ್ಟದೇ ಇರುವುದೂ ಒಂದು ಆಯ್ಕೆ

ಗಡ್ಡೆ ಕಟ್ಟಿದ ಮೇಲೆ ಒಳಗಿನ ಲೋಹ ಮತ್ತೆ ಯಾರಿಗೂ ಸಿಗುವುದಿಲ್ಲ. ವಿದ್ಯುತ್ ಕುಲುಮೆಯ ಉಕ್ಕಿನ ಧೂಳಿನಲ್ಲಿ ಸತು ಹೇರಳವಾಗಿದ್ದರೆ ವೇಲ್ಜ್ ಎಂಬ ತಿರುಗುವ ಗೂಡಿಗೆ ಹಾಕಿ ಸತುವಿನ ಆಕ್ಸೈಡ್ ತೆಗೆಯುತ್ತಾರೆ. ಒಂದೇ ಲೋಹದ ನಿಕಲ್ ಅಥವಾ ತಾಮ್ರದ ಕೆಸರನ್ನು ಕರಗಿಸುವ ಕುಲುಮೆಗಳು ಕೊಳ್ಳಬಹುದು. ಇದಕ್ಕೆ ಷರತ್ತು ಒಂದೇ: ಪ್ಲೇಟಿಂಗ್ ಸಾಲುಗಳ ನೀರನ್ನು ಬೆರೆಸದೆ ಬೇರೆಬೇರೆಯಾಗಿ ಸಂಸ್ಕರಿಸಬೇಕು. ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಟ್ಟ ಮೇಲೆ ಆ ಬಾಗಿಲು ಮುಚ್ಚಿತು.

ಸಿಮೆಂಟ್ ಕಾರ್ಖಾನೆಯ ಗೂಡಿಗೇ ಕೆಸರನ್ನು ಕೊಡುವುದು ಇನ್ನೊಂದು ದಾರಿ. ಅಲ್ಲಿ ಕ್ಲಿಂಕರ್ (ಪುಡಿಮಾಡಿದರೆ ಸಿಮೆಂಟಾಗುವ ಗಟ್ಟಿ) ಸುಮಾರು 1450 ಡಿಗ್ರಿಗೆ ಬೇಯುತ್ತದೆ, ಸಾವಯವ ವಿಷ ಸುಟ್ಟುಹೋಗುತ್ತದೆ, ಹೆಚ್ಚಿನ ಲೋಹಗಳು ಕ್ಲಿಂಕರಿನಲ್ಲಿ ಸೇರುತ್ತವೆ. ಎಣ್ಣೆ ಕೆಸರಿಗೆ ಇದು ಗಡ್ಡೆ ಕಟ್ಟುವುದಕ್ಕಿಂತ ಎಷ್ಟೋ ವಾಸಿ. ಪಾದರಸ ಅಥವಾ ಕ್ಲೋರಿನ್ ಹೆಚ್ಚಿದ್ದರೆ ಅವರು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು.

ನೀರಿನ ಲೆಕ್ಕ

ಆಯ್ಕೆ ಸಿಮೆಂಟೇ ಆಯಿತು ಎಂದಿಟ್ಟುಕೊಳ್ಳೋಣ. 1 ಟನ್ ಕೇಕ್, ತೇವಾಂಶ ಶೇಕಡಾ 70. ಅಂದರೆ 300 ಕಿಲೋ ಘನ, 700 ಕಿಲೋ ನೀರು. ಕೇಕ್ ತೂಕದ ಶೇಕಡಾ 30ರಷ್ಟು, 300 ಕಿಲೋ ಸಿಮೆಂಟ್ ಹಾಕಿದರೆ ನೀರು-ಸಿಮೆಂಟ್ ಅನುಪಾತ 2.3. ಸಿಮೆಂಟ್ ತನ್ನ ತೂಕದ 0.23 ಪಟ್ಟು ನೀರನ್ನಷ್ಟೇ ರಾಸಾಯನಿಕವಾಗಿ ಬಂಧಿಸುತ್ತದೆ, ಸೂಕ್ಷ್ಮರಂಧ್ರಗಳಲ್ಲಿ ಹಿಡಿದದ್ದೂ ಸೇರಿದರೆ 0.4 ಪಟ್ಟಿನಷ್ಟು. ಮಿಕ್ಕ ಐನೂರಕ್ಕೂ ಹೆಚ್ಚು ಕಿಲೋ ನೀರು ಗಡ್ಡೆಯೊಳಗೆ ಪರಸ್ಪರ ಕೂಡಿಕೊಂಡ ರಂಧ್ರಗಳಾಗಿ ಉಳಿಯುತ್ತದೆ. ಲೋಹ ಹೊರಬರುವುದು ಅದೇ ದಾರಿಯಲ್ಲಿ.

ಅದೇ ಕೇಕನ್ನು ಶೇಕಡಾ 50 ತೇವಾಂಶಕ್ಕೆ ಹಿಂಡಿದರೆ ತೂಕ 600 ಕಿಲೋ, ಅದರಲ್ಲಿ ನೀರು 300. ಅದೇ ಶೇಕಡಾ 30ರ ಲೆಕ್ಕಕ್ಕೆ 180 ಕಿಲೋ ಸಿಮೆಂಟ್ ಸಾಕು, ಅನುಪಾತ 1.7ಕ್ಕೆ ಇಳಿಯಿತು. ಹೂಳಬೇಕಾದ ತೂಕ 1300 ಕಿಲೋದಿಂದ 780ಕ್ಕೆ ಬಂತು. ಹೊಸ ಬಂಧಕ ಹುಡುಕುವ ಮೊದಲು ಪ್ರೆಸ್‌ನ ಬಟ್ಟೆ ಬದಲಿಸಿ ನೋಡಿ ಎನ್ನುವುದು ಇದಕ್ಕೇ.

ಪರೀಕ್ಷೆ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಪರಿಸರ ಸಂಸ್ಥೆ 1990ರಲ್ಲಿ ಜಾರಿಗೆ ತಂದ ಟಿಸಿಎಲ್‌ಪಿ ಎಂಬ, ವಿಷ ಎಷ್ಟು ಬಸಿಯುತ್ತದೆ ಎಂದು ನೋಡುವ ಪರೀಕ್ಷೆ. ಗಡ್ಡೆಯನ್ನು 9.5 ಮಿಲಿಮೀಟರಿಗಿಂತ ಸಣ್ಣದಾಗಿ ಒಡೆದು, ತೂಕದ 20 ಪಟ್ಟು ಅಸಿಟಿಕ್ ಆಮ್ಲದ ದ್ರಾವಣದಲ್ಲಿ 18 ಗಂಟೆ ತಿರುಗಿಸಿ, ಸೋಸಿದ ನೀರಿನಲ್ಲಿ ಲೋಹ ಅಳೆಯುತ್ತಾರೆ. ಮಿತಿ ಲೀಟರಿಗೆ ಸೀಸ, ಕ್ರೋಮಿಯಂ, ಆರ್ಸೆನಿಕ್ 5 ಮಿಲಿಗ್ರಾಂ, ಕ್ಯಾಡ್ಮಿಯಂ 1, ಪಾದರಸ 0.2. ನಿಕಲ್, ಸತು, ತಾಮ್ರ ಆ ಪಟ್ಟಿಯಲ್ಲೇ ಇಲ್ಲ.

ಇದರ ಮರ್ಮ ಆಮ್ಲದ ಪ್ರಮಾಣದಲ್ಲಿದೆ. 100 ಗ್ರಾಂ ಮಾದರಿಗೆ 2 ಲೀಟರ್ ದ್ರಾವಣ, ಅದರಲ್ಲಿ ಆಮ್ಲ ಒಟ್ಟು 0.2 ಮೋಲ್. ಅಂದರೆ ಮಾದರಿಯ ಒಂದೊಂದು ಗ್ರಾಂಗೂ 2 ಮಿಲಿಈಕ್ವಿವಲೆಂಟ್ (ಆಮ್ಲ-ಕ್ಷಾರದ ಬಲ ಲೆಕ್ಕಹಾಕುವ ಮಾನ). ಪೋರ್ಟ್‌ಲ್ಯಾಂಡ್ ಸಿಮೆಂಟ್ ಪೂರ್ತಿ ಕರಗಿದರೆ ಗ್ರಾಂಗೆ 20ಕ್ಕೂ ಹೆಚ್ಚು ಮಿಲಿಈಕ್ವಿವಲೆಂಟ್ ಆಮ್ಲವನ್ನು ನುಂಗಬಲ್ಲದು. ಹಾಗಾಗಿ ಮಾದರಿಯಲ್ಲಿ ಶೇಕಡಾ 10ರಷ್ಟು ಸಿಮೆಂಟ್ ಇದ್ದರೂ ಪರೀಕ್ಷೆಯ ಆಮ್ಲವೆಲ್ಲ ಹೆಚ್ಚುಕಡಿಮೆ ತೀರಿಹೋಗುತ್ತದೆ. ಕೊನೆಯ ಪಿಎಚ್ ಕಣಿವೆಯ ತಳದಲ್ಲಿ ನಿಂತರೆ ಪಾಸ್. ಇನ್ನೂ ಹೆಚ್ಚು ಸಿಮೆಂಟ್ ಹಾಕಿದರೆ ಪಿಎಚ್ 12ಕ್ಕೆ ಹೋಗಿ ಸೀಸದಲ್ಲಿ ಫೇಲ್. ಪಾಸಾದದ್ದು ಗಡ್ಡೆಯೋ, ಆ 18 ಗಂಟೆಯ ಪಿಎಚ್ಚೋ ಎಂದು ತಿಳಿಯಬೇಕಾದರೆ ವರದಿಯಲ್ಲಿ ಕೊನೆಯ ಪಿಎಚ್ ಬರೆಸಿಕೊಳ್ಳಬೇಕು. ಕೇಳದಿದ್ದರೆ ಅನೇಕ ಲ್ಯಾಬ್‌ಗಳು ಬರೆಯುವುದಿಲ್ಲ.

ನೆಲದಡಿಯಲ್ಲಿ ಆಗುವುದು ಬೇರೆ. ಮಳೆನೀರು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ವರ್ಷಗಳ ಮೇಲೆ ಸುಣ್ಣವನ್ನು ಸುಣ್ಣಕಲ್ಲಾಗಿಸುತ್ತವೆ, ಪಿಎಚ್ 9ರ ಕೆಳಗೂ ಇಳಿಯಬಹುದು. ಸೀಸಕ್ಕೆ ಇದರಿಂದ ನಷ್ಟವಿಲ್ಲ. ಆರ್ಸೆನಿಕ್‌ಗೆ ಇದೆ: ಸುಣ್ಣದ ಬಲದಿಂದ ಕ್ಯಾಲ್ಸಿಯಂ ಆರ್ಸೆನೇಟ್ ಆಗಿ ಕೂತದ್ದು ಇಂಗಾಲದ ಡೈಆಕ್ಸೈಡ್ ಬಂದರೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಆರ್ಸೆನಿಕ್ ಕೆಸರಿಗೆ ಬರೀ ಸುಣ್ಣ, ಸಿಮೆಂಟ್ ನೆಚ್ಚಬಾರದು. ಮೊದಲು ಆಕ್ಸಿಡೈಸ್ ಮಾಡಿ ಐದರ ಸ್ಥಿತಿಗೆ ತಂದು, ಕಬ್ಬಿಣದ ಲವಣದಲ್ಲಿ ಹಿಡಿಸಿ, ಆಮೇಲೆ ಕಟ್ಟಬೇಕು.

ಪಿಎಚ್ 2ರಿಂದ 13ರವರೆಗೆ ಬೇರೆಬೇರೆ ಬಿಂದುಗಳಲ್ಲಿ ಕರಗುವಿಕೆ ಅಳೆಯುವ 1313 ಎಂಬ ವಿಧಾನ, ಒಡೆಯದ ಗಡ್ಡೆಯನ್ನೇ 63 ದಿನ ನೀರಿನಲ್ಲಿಟ್ಟು ನೋಡುವ 1315 ಎಂಬ ವಿಧಾನ ಈ ಕೊರತೆ ತುಂಬಲೆಂದೇ ಬಂದಿವೆ. ಮೊದಲನೆಯದು ರಸಾಯನದ ಬಗ್ಗೆ ಹೇಳುತ್ತದೆ, ಎರಡನೆಯದು ಗಡ್ಡೆಯ ಬಗ್ಗೆ. ದುಬಾರಿ ಹೌದು. ದಿನವೂ ಬರುವ ಕೆಸರಿಗೆ ಪ್ರತಿ ಸಲ ಬೇಡ, ಪಾಕ ನಿಗದಿ ಮಾಡುವಾಗ ಒಮ್ಮೆ ಮಾಡಿಸಿದರೆ ಸಾಕು. ಬಲದ ಪರೀಕ್ಷೆಗೆ ಹಳೆಯ ಮಾರ್ಗಸೂಚಿ ಚದರ ಸೆಂಟಿಮೀಟರಿಗೆ ಸುಮಾರು 3.5 ಕಿಲೋ, ಮೇಲಿನ ಮಣ್ಣಿನ ಭಾರ ತಡೆಯಲು ಅಷ್ಟಿದ್ದರೆ ಆಯಿತು. ಕಾಂಕ್ರೀಟಿನ ಬಲ ಬರಲಿಲ್ಲವೆಂದು ಸಿಮೆಂಟ್ ಹೆಚ್ಚಿಸುವ ಅಗತ್ಯವಿಲ್ಲ.

ಯಾರಿಗೆ ಯಾವುದು

ನಿಕಲ್, ಕ್ಯಾಡ್ಮಿಯಂ, ತ್ರಿವೇಲೆಂಟ್ ಕ್ರೋಮಿಯಂ ಹೈಡ್ರಾಕ್ಸೈಡ್ ಕೆಸರು, ಎಣ್ಣೆ ಇಲ್ಲ, ಇಡಿಟಿಎ ಇಲ್ಲ: ಸಾದಾ ಸಿಮೆಂಟ್ ನಿಶ್ಚಿಂತೆಯಿಂದ ಬಳಸಿ. ಇಡಿಟಿಎ ಇದ್ದರೆ ಅದು ಲೋಹವನ್ನು ಬಿಡುವುದೇ ಇಲ್ಲ, ಸಿಮೆಂಟ್ ಎಷ್ಟು ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಮೊದಲು ಆ ಬಂಧ ಮುರಿಯಬೇಕು. ಹೆಕ್ಸಾವೇಲೆಂಟ್ ಕ್ರೋಮಿಯಂ ಇದ್ದರೆ ಮೊದಲು ಇಳಿಸಿ, ಆಮೇಲೆ ಸ್ಲ್ಯಾಗ್ ಮಿಶ್ರಣ. ಬ್ಯಾಟರಿ ಘಟಕದ ಸೀಸದ ಕೆಸರಿಗೆ ಫಾಸ್ಫೇಟ್ ಮೊದಲು, ಸಿಮೆಂಟ್ ಸ್ವಲ್ಪ. ಅದರಲ್ಲಿ ಸೀಸದ ಪ್ರಮಾಣ ಹೆಚ್ಚಿದ್ದರೆ ಕುಲುಮೆಗೆ ಮರಳಿಸುವುದೇ ಸರಿ.

ಚರ್ಮ ಹದಮಾಡುವ ಘಟಕದ ಕೆಸರು ಸ್ವಲ್ಪ ಸಂದಿಗ್ಧ. ಕ್ರೋಮಿಯಂ ತ್ರಿವೇಲೆಂಟ್ ಆಗಿರುತ್ತದೆ, ಆದರೆ ಸಾವಯವ ಅಂಶ ಬಹಳ, ಸಿಮೆಂಟ್ ಸರಿಯಾಗಿ ಸೆಟ್ ಆಗುವುದಿಲ್ಲ. ಸುಟ್ಟುಬಿಡೋಣವೆಂದರೆ ಸುಣ್ಣದ ಕ್ಷಾರ ಮತ್ತು ಗಾಳಿಯ ಆಮ್ಲಜನಕ ಸೇರಿ ಕ್ರೋಮಿಯಂ ಹೆಕ್ಸಾವೇಲೆಂಟ್ ಆಗಿಬಿಡಬಹುದು. ಇದ್ದದ್ದಕ್ಕಿಂತ ಕೆಟ್ಟ ಸ್ಥಿತಿ. ಇಲ್ಲಿ ಕ್ರೋಮ್ ನೀರನ್ನು ಮೂಲದಲ್ಲೇ ಬೇರೆ ಮಾಡಿ ಮರುಬಳಸುವುದು ಬಿಟ್ಟರೆ ಚೊಕ್ಕ ಉತ್ತರ ನನಗೆ ಕಾಣದು.

ಬೆರೆಸುವ ರೀತಿಯೂ ಬಂಧಕದಷ್ಟೇ ಮುಖ್ಯ. ಗುಂಡಿಯಲ್ಲಿ ಕೆಸರು ಸುರಿದು ಮೇಲೆ ಚೀಲ ಒಡೆದು ಜೆಸಿಬಿಯ ಬಕೆಟ್ಟಿನಲ್ಲಿ ಕಲಕಿದರೆ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಹಸಿ ಕೆಸರಿನ ಮುದ್ದೆ. ಮಾದರಿ ತೆಗೆದದ್ದು ಎಲ್ಲಿಂದ ಎಂಬುದರ ಮೇಲೆ ಫಲಿತಾಂಶ. ಎರಡು ದಂಡದ ಪ್ಯಾಡಲ್ ಮಿಕ್ಸರ್ ಇದ್ದರೆ ಕಡಿಮೆ ಸಿಮೆಂಟಿನಲ್ಲೇ ಕೆಲಸ ಆಗುತ್ತದೆ.

ದೊಡ್ಡ ಮಿಕ್ಸರ್ ಚಾಲೂ ಮಾಡುವ ಮೊದಲು ಲೋಟಗಳಲ್ಲಿ ಪ್ರಯೋಗ ಮಾಡಿ. ಒಂದೇ ಕೆಸರು, ಶೇಕಡಾ 5, 10, 20, 30 ಬಂಧಕ, ಸಾದಾ ಸಿಮೆಂಟಿನದೊಂದು ಸಾಲು, ಸ್ಲ್ಯಾಗ್‌ನದೊಂದು ಸಾಲು, ಒಣಗದಂತೆ ಮುಚ್ಚಿಟ್ಟು 28 ದಿನ. ಜೊತೆಗೆ ಇನ್ನೊಂದು ಲೋಟ ಇರಲಿ. ಅದರಲ್ಲಿ ಸಿಮೆಂಟಿನ ಬದಲು ಅಷ್ಟೇ ತೂಕದ ಶುದ್ಧ ಮರಳು ಬೆರೆಸಿ. ಬಸಿನೀರಿನಲ್ಲಿ ಲೀಟರಿಗೆ 6 ಮಿಲಿಗ್ರಾಂ ಸೀಸ ಕೊಡುವ ಕೆಸರಿಗೆ ಶೇಕಡಾ 30 ಏನನ್ನು ಬೆರೆಸಿದರೂ, ಯಾವ ರಸಾಯನವೂ ನಡೆಯದೆ, ಬರೀ ತೂಕ ಹೆಚ್ಚಿದ್ದರಿಂದಲೇ ಅದು 4.6ಕ್ಕೆ ಇಳಿದು 5ರ ಮಿತಿಯೊಳಗೆ ಬಂದುಬಿಡುತ್ತದೆ. ಮರಳಿನ ಲೋಟವೂ ಸಿಮೆಂಟಿನ ಲೋಟವೂ ಒಂದೇ ಅಂಕಿ ತೋರಿಸಿದರೆ, ಆ ಸಿಮೆಂಟನ್ನು ಚೀಲದಲ್ಲೇ ಬಿಡಿ.